ವಲ್ಲಿಯ ಕೆಳಗೆ ಕುದುರಿದ ಮನೆ

ಮುಂಡರಗಿಯಲ್ಲಿ ಶಂಕ್ರೆವ್ವ ರೊಟ್ಟಿ ಬಡಿಯಲು ಕೂತರೆ ಓಣಿಗೆಲ್ಲ ಬೆಳಗಾಗುತ್ತಿತ್ತು. ಪಟ್ ಪಟ್ ಪಟ್ ಎಂದು ಅವಳ ಅಂಗೈ ಬೀಳುವ ಸಪ್ಪಳಕ್ಕೆ ಕೋಳಿ ಕೂಡ ಆಮೇಲೆ ಏಳುತ್ತಿತ್ತು. ಊರಿನ ಖಾನಾವಳಿಗಳಿಗೆ ಬಿಸಿ ರೊಟ್ಟಿ, ಗದಗಿನ ಅಂಗಡಿಗಳಿಗೆ ಒಣಗಿಸಿದ ಕಟಕ ರೊಟ್ಟಿ ಅವಳ ಮನೆಯಿಂದಲೇ ಹೋಗಬೇಕು. ಓಣಿಯ ಮೂರು ನಾಲ್ಕು ಹೆಂಗಸರು ಅವಳ ಜೊತೆ ಕೂತು ಬಡಿಯುತ್ತಿದ್ದರು. ಎಲ್ಲರ ಮನೆಯ ಒಲೆಯೂ ಅದರಿಂದಲೇ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಬಾಡಿಗೆ ಮನೆಯ ಮಾಲೀಕರು ಕಣ್ಣು ಉಜ್ಜಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

"ಶಂಕ್ರೆವ್ವ, ನಿನ್ನ ರೊಟ್ಟಿ ಭಾಳ ಛಲೋ ಇರ್ತಾವ. ತಿನ್ನಾಕ ಛಲೋ. ಕೇಳಾಕ ಅಲ್ಲ. ನಮ್ಮ ಮನ್ಯಾಗ ನಿದ್ದಿ ಇಲ್ಲದಂಗ ಆಗೇತಿ. ಬ್ಯಾರೆ ಮನಿ ನೋಡಿಕೊಳ್ರಿ."

ಇದು ಹೊಸದೇನಲ್ಲ. ಹಮ್ಮಿಗಿಯಿಂದ ಸಂಸಾರ ಕಟ್ಟಿಕೊಂಡು ಮುಂಡರಗಿಗೆ ಬಂದಾಗಿನಿಂದ ಹನಮಪ್ಪ, ಶಂಕ್ರೆವ್ವ ಬಾಡಿಗೆ ಮನೆಗಳಲ್ಲೇ ಇದ್ದವರು. ಒಂದು ಮನೆಯವರಿಗೆ ಹೊಗೆ ಬೇಡವಾಯಿತು, ಇನ್ನೊಂದು ಮನೆಯವರಿಗೆ ಹಿಟ್ಟಿನ ಧೂಳು ಬೇಡವಾಯಿತು, ಮತ್ತೊಬ್ಬರಿಗೆ ರೊಟ್ಟಿ ಒಯ್ಯಲು ಬರುವ ಮೋಟರ್ ಸೈಕಲ್ಲುಗಳು ಬೇಡವಾದವು. ಮನೆ ಬಿಡುವಾಗೆಲ್ಲ ಶಂಕ್ರೆವ್ವ ಮೊದಲು ರೊಟ್ಟಿ ಸುಡುವ ಹಂಚನ್ನು ಎತ್ತಿಕೊಳ್ಳುತ್ತಾಳೆ, ಮಕ್ಕಳು ಬಂದರೋ ಇಲ್ಲವೋ ಎಂದು ಆಮೇಲೆ ನೋಡುತ್ತಾಳೆ ಎಂದು ಹನಮಪ್ಪ ಸಂತೆಯಲ್ಲಿ ಹೇಳಿ ನಗಿಸುತ್ತಿದ್ದ.

ಈ ಸಲ ಮಾತ್ರ ಅವನಿಗೆ ನಗು ಬರಲಿಲ್ಲ. ಮಾಲೀಕರು ಹೋದ ಮೇಲೆ ಶಂಕ್ರೆವ್ವ ಹಂಚನ್ನು ಒಲೆಯ ಮೇಲಿಂದ ಇಳಿಸಿ ಗೋಡೆಗೆ ಒರಗಿಸಿದಳು.

"ಇನ್ನೊಂದು ಬಾಡಗಿ ಮನಿಗೆ ಈ ಹಂಚು ಹೊತಗೊಂಡು ನಾ ಬರೂದಿಲ್ರಿ. ಸ್ವಂತ ಒಲಿ ಹಾಕೂವಂಥ ಮನಿ ನೋಡ್ರಿ. ಇಲ್ಲಾಂದ್ರ ರೊಟ್ಟಿ ಇಲ್ಲಿಗೆ ಸಾಕು."

ಹನಮಪ್ಪ ಎದ್ದ. ತನ್ನ ಹೆಗಲವಸ್ತ್ರ, ಆ ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಸಂತೆಗೆ ಹೊರಟ.

ಹನಮಪ್ಪ ದನದ ಸಂತೆಯ ದಲಾಲಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ನಡಿಗೆ ನೋಡಿ ಅದರ ಯಜಮಾನನ ಸ್ವಭಾವ ಹೇಳುತ್ತಿದ್ದ. ಅವನ ಎಲ್ಲ ವ್ಯವಹಾರ ಹೆಗಲ ಮೇಲಿನ ಆ ವಲ್ಲಿಯ ಕೆಳಗೇ ನಡೆಯುತ್ತಿತ್ತು. ಕೊಡುವವನ ಕೈ ಮತ್ತು ತನ್ನ ಕೈ ಮೇಲೆ ವಲ್ಲಿ ಮುಚ್ಚಿ, ಬೆರಳು ಹಿಡಿದು ದರ ಹೇಳುವುದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಒಪ್ಪಿಗೆಯಾದರೆ ಕೈ ಬಿಗಿಯಾಗುತ್ತದೆ, ಇಲ್ಲದಿದ್ದರೆ ಸಡಿಲಾಗುತ್ತದೆ. ಅವನ ಅಪ್ಪನೂ ಹೀಗೇ ಬಾಳಿದವನು. ಕೈ ಬಿಗಿಯಾದ ಮೇಲೆ ಮಾತು ತಪ್ಪಿದವರನ್ನು ಹನಮಪ್ಪ ಇನ್ನೂ ಕಂಡಿರಲಿಲ್ಲ.

ಸಂಜೆ ಅವನು ಬಂದಾಗ ಮುಖ ಹಬ್ಬದ ಹಾಗಿತ್ತು.

"ಏ, ಬಾ ಇಲ್ಲೆ. ಮನಿ ಕುದುರಿಸಿ ಬಂದೀನಿ."

"ಯಾರ ಮನಿ?"

"ಗಾದಿ ಮಲಂಗಸಾಬಂದು. ಮಗ ಮೊಹಸಿನ ಲಕ್ಷ್ಮೇಶ್ವರದಾಗ ಅಂಗಡಿ ಹಾಕ್ಯಾನಲ್ಲ, ಗಂಡಾ ಹೆಂಡತಿ ಅಲ್ಲೇ ಹೊಂಟಾರ. ಸಂತ್ಯಾಗ ಸಿಕ್ಕಿದ್ದ. ವಲ್ಲಿ ಹಾಕಿದೆ, ಬೆರಳು ಹಿಡದೆ, ಆತು. ಚಾ ಆರೂದರಾಗ ಮುಗೀತು."

ಮಲಂಗಸಾಬನ ಮನೆ ಅಂದ ಕೂಡಲೇ ಶಂಕ್ರೆವ್ವನ ಕಣ್ಣಿಗೆ ಬಂದದ್ದು ಮನೆಯಲ್ಲ, ಮನೆಯ ಹಿಂದಿನ ತಗಡಿನ ಷೆಡ್ಡು. ಮಲಂಗಸಾಬ ಅಲ್ಲಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಅಗಲ ನೆಲ, ಎತ್ತರದ ಮಾಡು, ಆಚೆಗೆ ಬಯಲು. ಅಲ್ಲಿ ಸಾಲಾಗಿ ಒಲೆ ಹಾಕಿದರೆ ಹೊಗೆ ಯಾರ ಮನೆಗೂ ಹೋಗುವುದಿಲ್ಲ, ಸಪ್ಪಳ ಯಾರ ಗೋಡೆಗೂ ತಾಗುವುದಿಲ್ಲ. ಅವಳು ಒರಗಿಸಿಟ್ಟ ಹಂಚನ್ನು ಸೆರಗಿನಿಂದ ಒರೆಸಿದಳು.

"ರೊಕ್ಕ?"

"ಕೂಡಿಟ್ಟದ್ದು ಒಂದಿಷ್ಟೈತಿ. ಉಳಿದದ್ದು ಸಂತ್ಯಾಗ ಒಬ್ಬರು ಕೊಡ್ತಾರ. ತಿಂಗಳಿಗೆ ನೂರಕ್ಕ ಮೂರು."

ಪಕ್ಕದ ಮನೆಯ ಅಸ್ಮಾ ಆಗ ರೊಟ್ಟಿ ಒಯ್ಯಲು ಬುಟ್ಟಿ ಹಿಡಿದು ಬಂದು ನಿಂತಿದ್ದಳು. ಶಂಕ್ರೆವ್ವನೂ ಸೇರಿದ್ದ ಹೆಂಗಸರ ಉಳಿತಾಯ ಸಂಘದ ಲೆಕ್ಕ ನೋಡುವವಳು ಅವಳೇ. ಸಂಘದವರಿಗೆ ಬ್ಯಾಂಕಿನಲ್ಲಿ ಕೆಲಸವಿದ್ದರೆ ಜೊತೆಗೆ ಹೋಗುವವಳೂ ಅವಳೇ. ಹೋದ ವರ್ಷವಷ್ಟೇ ಅವಳು ಮತ್ತು ಗಂಡ ಅನೀಸ ಬ್ಯಾಂಕಿನ ಸಾಲದಲ್ಲಿ ಪಕ್ಕದ ಮನೆ ಕೊಂಡಿದ್ದರು.

"ಕಾಕಾ, ತಿಂಗಳಿಗೆ ಮೂರು ಅಂದ್ರ ವರ್ಷಕ್ಕ ಮೂವತ್ತಾರು. ಆ ಬಡ್ಡಿಲೆ ಮನಿ ತಗೊಂಡ್ರ ಮನ್ಯಾಗ ನೀವು ಇರೂದಿಲ್ಲ, ಬಡ್ಡಿ ಇರತೈತಿ."

"ಮತ್ತೇನ ಮಾಡ್ಲೆವ್ವ? ದನದ ದಲಾಲಿಗೆ ಯಾರು ಸಾಲ ಕೊಡ್ತಾರ?"

"ಬ್ಯಾಂಕಿನವರು ಕೊಡ್ತಾರ. ಪಕ್ಕಾ ಮನಿ ಇಲ್ಲದವರು ಮೊದಲನೇ ಮನಿ ತಗೊಂಡ್ರ ಸರಕಾರ ಬಡ್ಡ್ಯಾಗ ಸಹಾಯ ಮಾಡತೈತಿ. ನಾವೂ ಹಂಗ ತಗೊಂಡೀವಿ."

ಹನಮಪ್ಪ ನಕ್ಕ. "ಸರಕಾರದ ಸಹಾಯ ಅಂದ್ರ ನಡುವ ದಲಾಲರ ಸಾಲು ನಿಂತಿರತೈತಿ. ನಾ ದಲಾಲಿ ಅದೀನಿ, ನನಗ ಗೊತ್ತಿಲ್ಲೇನು? ದಲಾಲಿ ಇಲ್ಲದ ಯವಾರ ಈ ಭೂಮಿ ಮ್ಯಾಲ ಇಲ್ಲ."

"ಐತಿ ಬರ್ರಿ, ತೋರಸ್ತೀನಿ," ಅಂದಳು ಅಸ್ಮಾ. "ನಾಳಿ ಕಾಕಿನ್ನೂ ಕರಕೊಂಡು ಬರ್ರಿ."

"ಆಕಿ ಯಾಕ?"

"ಬರಲಿ. ನೋಡೂಣು."

ಬ್ಯಾಂಕಿನಲ್ಲಿ ಸಾಲದ ಕೆಲಸ ನೋಡುತ್ತಿದ್ದವರು ಸೋಮೇಶ ಎನ್ನುವ ಅಧಿಕಾರಿ. ಶಿರಹಟ್ಟಿ ಕಡೆಯವರು, ಮಾತು ಕಡಿಮೆ, ನಗು ಹೆಚ್ಚು. ಹನಮಪ್ಪ ಒಳಗೆ ಬಂದವನು ಕುರ್ಚಿಯ ಮೇಲೆ ಕೂಡಲಿಲ್ಲ. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿ ಕೇಳಿದ.

"ಸಾಹೇಬರ, ಇಲ್ಲಿ ದಲಾಲಿ ಯಾರದಾರ್ರಿ? ಮೊದಲ ಅವರ ಜೋಡಿ ಮಾತಾಡ್ತೀನಿ."

"ಇಲ್ಲಿ ಯಾರೂ ಇಲ್ಲ. ಕುಂಡ್ರಿ."

ಹಾಗಾದರೆ ಇವರೇ ಇರಬೇಕು ಅಂದುಕೊಂಡ ಹನಮಪ್ಪ. ಕುಂತ, ಕುರ್ಚಿ ಮುಂದೆ ಎಳೆದುಕೊಂಡ, ಮೇಜಿನ ಮೇಲಿದ್ದ ಸೋಮೇಶರ ಬಲಗೈ ಮೇಲೆ ತನ್ನ ವಲ್ಲಿ ಮುಚ್ಚಿ, ಕೆಳಗಿನಿಂದ ಅವರ ಬೆರಳು ಹಿಡಿದ.

ಅಸ್ಮಾ ಸೆರಗು ಬಾಯಿಗೆ ಒತ್ತಿಕೊಂಡಳು. ಶಂಕ್ರೆವ್ವ "ರೀ" ಅಂದಳು. ಆಚೆಯ ಸಾಲಿನಲ್ಲಿ ರೊಕ್ಕ ಎಣಿಸುತ್ತಿದ್ದವರು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು.

ಸೋಮೇಶ ಕೈ ಎಳೆದುಕೊಳ್ಳಲಿಲ್ಲ. ಅವರೂ ಸಂತೆ ಕಂಡ ಮನುಷ್ಯರೇ. "ಏನ ಕೇಳಾಕತ್ತೀರಿ?" ಅಂದರು.

"ಬಡ್ಡಿ ಎಷ್ಟಕ್ಕ ಬಿಡ್ತೀರಿ? ಬೆರಳಿಲೆ ಹೇಳ್ರಿ. ಹೊರಗಿನವರಿಗೆ ಗೊತ್ತಾಗೂದು ಬ್ಯಾಡ."

ಸೋಮೇಶ ಎಡಗೈ ಎತ್ತಿ ಗೋಡೆಯ ಮೇಲಿನ ಫಲಕ ತೋರಿಸಿದರು. ಮನೆ ಸಾಲ, ಬೆಳೆ ಸಾಲ, ಬಂಗಾರದ ಸಾಲ, ಎಲ್ಲದರ ಬಡ್ಡಿಯೂ ದೊಡ್ಡ ಅಕ್ಷರದಲ್ಲಿ ಇತ್ತು.

"ನಿಮ್ಮ ಸಂತ್ಯಾಗ ದರ ವಲ್ಲಿ ಕೆಳಗ ಇರತೈತಿ. ನಮ್ಮಲ್ಲೆ ಗ್ವಾಡಿ ಮ್ಯಾಲ ಇರತೈತಿ. ವಲ್ಲಿ ತಗೀರಿ ಯಜಮಾನ್ರ, ಬಾಯಿಲೆ ಮಾತಾಡೂಣು."

ಹನಮಪ್ಪ ವಲ್ಲಿ ತೆಗೆದ. ಅವನ ಕೈ ಬರಿದಾದ ಹಾಗೆ ಅನ್ನಿಸಿತು.

ಸೋಮೇಶ ಒಂದೊಂದೇ ಬಿಡಿಸಿ ಹೇಳಿದರು. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಇವರಲ್ಲಿ ಯಾರ ಹೆಸರಿನಲ್ಲೂ ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಮನೆತನದ ಆದಾಯಕ್ಕೆ ಒಂದು ಮಿತಿ ಇದೆ, ಮನೆಯ ಬೆಲೆಗೂ ಇದೆ. ಅವುಗಳೊಳಗೆ ಇದ್ದರೆ ಬಡ್ಡಿಯ ಸಹಾಯಕ್ಕೆ ಅರ್ಜಿ ಹಾಕಬಹುದು.

"ಹಮ್ಮಿಗ್ಯಾಗ ನಮ್ಮಪ್ಪನ ಮನಿ ಐತ್ರಿ. ಮಣ್ಣಿಂದು. ಅದು ಅಣ್ಣ ಬೀರಲಿಂಗನ ಪಾಲಿಗೆ ಹೋಗೇತಿ."

"ಅವರ ಹೆಸರಿಲೆ ಇದ್ರ ನಿಮಗ ಅಡ್ಡಿ ಇಲ್ಲ."

"ಆ ಸಹಾಯದ ರೊಕ್ಕ ಕೈಗೆ ಯಾವಾಗ ಬರತೈತ್ರಿ? ಒಂದು ಜೋಡಿ ಹೋರಿ ನೋಡಿಟ್ಟೀನಿ."

"ಕೈಗೆ ಬರೂದಿಲ್ಲ. ಸೀದಾ ಸಾಲದ ಖಾತೆಗೆ ಬರತೈತಿ. ಒಮ್ಮೆಗೇ ಅಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪ. ಸಾಲದ ಭಾರ ಅಷ್ಟು ಇಳೀತೈತಿ. ಆದ್ರ ನಿಮ್ಮ ಕಂತು ನೀವು ತಪ್ಪದ ಕಟ್ಟಬೇಕು. ಇದು ಸಾಲ, ದಾನ ಅಲ್ಲ. ತಪ್ಪಿಸಿದ್ರ ಸಹಾಯನೂ ನಿಲ್ಲತೈತಿ, ಮನಿಗೂ ತ್ರಾಸ. ಅದಕ್ಕ, ಎಷ್ಟು ಕಟ್ಟಾಕ ಆಗತೈತೋ ಅಷ್ಟ ತಗೋಬೇಕು."

ಆಮೇಲೆ ಅವರು ಸಂಪಾದನೆ ಕೇಳಿದರು. ಹನಮಪ್ಪ ಎದೆ ಸೆಟೆಸಿ, "ಸಂತಿ ಛಲೋ ಆದ್ರ ಛಲೋ ಆಗತೈತ್ರಿ" ಅಂದ.

"ಖಾತೆಗೆ ಹಾಕೀರೇನು?"

"ಖಾತೆಗೆ ಯಾಕ್ರಿ? ವಲ್ಲಿ ತುದಿಗೆ ಕಟ್ಟಿರ್ತೀನಿ."

"ಈಗ ಎಲ್ಲೆ ಐತಿ?"

ಹನಮಪ್ಪ ವಲ್ಲಿಯ ತುದಿ ನೋಡಿದ. ಅಲ್ಲಿ ಗಂಟಿನ ಸುಕ್ಕು ಮಾತ್ರ ಇತ್ತು. ವಲ್ಲಿಯ ಕೆಳಗೆ ಬಂದದ್ದು ಯಾರಿಗೂ ಕಾಣದೆ ಬಂದಿತ್ತು, ಕಾಣದೆ ಹೋಗಿತ್ತು.

"ಕಾಕಿದ ನೋಡ್ರಿ ಸರ್," ಅಂದಳು ಅಸ್ಮಾ.

ಶಂಕ್ರೆವ್ವ ಖಾನಾವಳಿಯ ರೊಕ್ಕ ಬಂದಾಗೆಲ್ಲ ಸಂಘದ ಕಟ್ಟಳೆಯಂತೆ ಅರ್ಧ ಮನೆಗಿಟ್ಟು ಅರ್ಧ ಖಾತೆಗೆ ಹಾಕುತ್ತ ಬಂದಿದ್ದಳು. ತಪ್ಪಿಸಲು ಅಸ್ಮಾ ಬಿಟ್ಟರಲ್ಲವೇ. ಸೋಮೇಶ ಗಣಕಯಂತ್ರದಲ್ಲಿ ಕೆಳಗೆ ಕೆಳಗೆ ನೋಡುತ್ತ ಹೋದರು. ಮೊದಲ ಸಲ ಅವರು ಹನಮಪ್ಪನನ್ನು ಬಿಟ್ಟು ಶಂಕ್ರೆವ್ವನ ಕಡೆ ತಿರುಗಿದರು.

"ಯವ್ವಾರ, ಈ ಸಾಲಕ್ಕ ಆಧಾರ ನಿಮ್ಮ ರೊಟ್ಟಿ. ಮನಿನೂ ನಿಮ್ಮ ಹೆಸರಿಲೆ ಆಗಬೇಕು, ಇಲ್ಲಾ ಇಬ್ಬರ ಹೆಸರಿಲೆ. ಈ ಸಹಾಯದಾಗ ಮನಿ ಹೆಣ್ಣಮಗಳ ಹೆಸರಿಲೆ ಇರಲಿ ಅಂತ ಐತಿ."

ಹನಮಪ್ಪ ಕುರ್ಚಿಯಲ್ಲಿ ಅಲುಗಾಡಿದ. "ಅಲ್ರಿ, ಮನಿ ಕುದುರಿಸಿದವ ನಾನು."

"ಕುದುರಿಸಿದವ ದಲಾಲಿ," ಅಂದಳು ಶಂಕ್ರೆವ್ವ ಮೆಲ್ಲಗೆ. "ದಲಾಲಿ ಹೆಸರಿಲೆ ಯಾವ ಎತ್ತು ಆಗೇತಿ, ನೀವ ಹೇಳ್ರಿ?"

ರೊಕ್ಕ ಎಣಿಸುತ್ತಿದ್ದವರು ಮತ್ತೆ ಲೆಕ್ಕ ತಪ್ಪಿದರು. ಹನಮಪ್ಪನೂ ನಕ್ಕುಬಿಟ್ಟ. ಹೆಂಡತಿ ಹೇಳಿದ್ದು ಖರೆ ಇತ್ತು. ಸಂತೆಯಲ್ಲಿ ಯಾರಾದರೂ ಹೇಳಿದ್ದರೆ ಅವನೇ ಚಪ್ಪಾಳೆ ಹೊಡೆಯುತ್ತಿದ್ದ.

"ಮಾರೂವವರ ಜೋಡಿ ಕರಾರು ಆಗೇತೇನು?" ಕೇಳಿದರು ಸೋಮೇಶ.

"ಆಗೇತ್ರಿ. ಸಂತಿ ಮಂದಿನ ಸಾಕ್ಷಿ."

"ಕಾಗದ?"

"ಕಾಗದ ಯಾಕ್ರಿ? ಕೈ ಇತ್ತಲ್ಲ."

"ಕೈ ಛಲೋ, ಯಜಮಾನ್ರ. ಆದ್ರ ಬ್ಯಾಂಕಿಗೆ ಕೈ ಕಾಣೂದಿಲ್ಲ. ಕರಾರು ಪತ್ರ ಬೇಕು. ಯಾವ ಮನಿ, ಎಷ್ಟು ಬೆಲಿ, ನಾಲ್ಕೂ ದಿಕ್ಕಿಗೆ ಏನೇನೈತಿ, ಚಕ್ಕುಬಂದಿ ಬರೀಬೇಕು. ಮನಿ ಮಾರೂವವರ ಹೆಸರಿಲೆ ಐತಿ ಅನ್ನೂ ಪುರಸಭೆ ಉತಾರ, ಕರ ಕಟ್ಟಿದ ಪಾವತಿ, ಮನಿ ಮ್ಯಾಲ ಬ್ಯಾರೆ ಸಾಲ ಇಲ್ಲ ಅನ್ನೂ ಋಣಭಾರ ಪತ್ರ. ಇಷ್ಟು ತಗೊಂಡು ಬರ್ರಿ."

ಹೊರಗೆ ಬಂದ ಮೇಲೆ ಹನಮಪ್ಪ ಗೊಣಗಿದ. "ಮಲಂಗಸಾಬಗ ಕಾಗದ ಕೇಳಿದ್ರ ಏನ ತಿಳದಾನು? ನನ್ನ ಮ್ಯಾಲ ನಂಬಿಕಿ ಇಲ್ಲೇನು ಅಂದ್ರ?"

"ನಂಬಿಕಿ ಇದ್ರ ಬರಿಯಾಕ ಏನ ಹೆದರಿಕಿ?" ಅಂದಳು ಅಸ್ಮಾ.

ಮಾರನೆಯ ದಿನ ಸಂಜೆ ಮೂವರೂ ಮಲಂಗಸಾಬನ ಪಡಸಾಲೆಯಲ್ಲಿ ಕೂತರು. ಮಲಂಗಸಾಬನ ಹೆಂಡತಿ ಹಾಜಿರಾಬಿ ಎಲ್ಲರಿಗೂ ಚಾ ಕೊಟ್ಟಳು. ಮೂಲೆಯಲ್ಲಿ ಅರ್ಧ ಕಟ್ಟಿದ ಗಂಟುಗಳಿದ್ದವು. ವಕೀಲರ ಹತ್ತಿರ ಹೋಗುವ ಮೊದಲು ಇಬ್ಬರ ಬಾಯಿಂದಲೂ ಎಲ್ಲ ಕೇಳಿಕೊಳ್ಳಬೇಕು ಅಂದಳು ಅಸ್ಮಾ.

"ದಾದಾ, ನೀವು ಮಾರಿದ್ದು ಎಲ್ಲಿಂದ ಎಲ್ಲಿ ತನಕ?"

"ಮುಂದಿನ ಬಾಗಲದಿಂದ ಅಡಗಿಮನಿ ಹಿಂದಿನ ಗ್ವಾಡಿ ತನಕ," ಅಂದ ಮಲಂಗಸಾಬ.

"ಆಮ್ಯಾಲ ಷೆಡ್ಡು," ಅಂದ ಹನಮಪ್ಪ.

"ಷೆಡ್ಡು ನಂದು."

ಶಂಕ್ರೆವ್ವ ಚಾದ ಕಪ್ಪು ನೆಲಕ್ಕಿಟ್ಟಳು.

"ಏನಂದಿ ಸಾಬಾ?" ಹನಮಪ್ಪ ದನಿ ಏರಿಸಿದ. "ಬೆರಳು ಹಿಡದಾಗ ಷೆಡ್ಡು ಬ್ಯಾರೆ ಅಂತ ಹೇಳಿದ್ಯೇನು?"

"ನೀ ಷೆಡ್ಡು ಸೇರಿ ಅಂತ ಹೇಳಿದ್ಯೇನು?" ಮಲಂಗಸಾಬನ ದನಿಯೂ ಏರಿತು. "ಹನಮಪ್ಪಾ, ಇಷ್ಟು ವರ್ಷ ಸಂತಿ ಮಾಡೀದಿ. ಎತ್ತು ಮಾರಿದವ ಹಗ್ಗ ಮಾರತಾನೇನು?"

ಹನಮಪ್ಪನಿಗೆ ಆ ಮಾತು ಗೊತ್ತಿದ್ದದ್ದೇ. ಸಂತೆಯ ಕಟ್ಟಳೆ ಅದು. ದನ ಕೊಟ್ಟವರು ಅದರ ಕೊರಳಿನ ಹಗ್ಗ ಬಿಚ್ಚಿಕೊಂಡು ಮನೆಗೆ ಒಯ್ಯಬೇಕು. ಹಗ್ಗ ಕೊಟ್ಟರೆ ಹಟ್ಟಿಯ ಲಕ್ಷ್ಮಿಯೂ ಹೋಗುತ್ತಾಳೆ ಎಂದು ನಂಬಿಕೆ. ಎಷ್ಟು ಸಲ ಅವನೇ ಹಗ್ಗ ಬಿಚ್ಚಿ ಕೊಟ್ಟಿದ್ದಾನೆ. ಆದರೆ ಎತ್ತಿಗೆ ಹಗ್ಗ ಯಾವುದು ಎಂದು ಎಲ್ಲರಿಗೂ ಗೊತ್ತು. ಮನೆಗೆ ಹಗ್ಗ ಯಾವುದು? ಬೆರಳು ಬೆಲೆ ಹೇಳಿತ್ತು. ಏನು ಕೊಟ್ಟೆ, ಏನು ಬಿಟ್ಟೆ ಎಂದು ಹೇಳಲು ಬೆರಳಿಗೆ ಬರುವುದಿಲ್ಲ.

"ಷೆಡ್ಡು ಇಲ್ಲದ ಮನಿ ತಗೊಂಡು ಏನ ಮಾಡ್ಲಿ?" ಹನಮಪ್ಪ ಎದ್ದು ನಿಂತ. "ಆತು, ಬಿಡು. ಯವಾರ ಇಲ್ಲಿಗೆ ಸಾಕು."

"ಸಾಕಂದ್ರ ಸಾಕು. ಗದಗಿನವರು ಕೇಳಾಕತ್ತಾರ."

"ಕುಂಡ್ರಿ ಇಬ್ಬರೂ," ಅಂದಳು ಹಾಜಿರಾಬಿ. "ಇಬ್ಬರದೂ ಕೈ ಮಾತಾಡ್ಯಾವ, ಬಾಯಿ ಮಾತಾಡಿಲ್ಲ. ಈಗರೆ ಮಾತಾಡ್ರಿ."

ಹನಮಪ್ಪ ಹೆಂಡತಿಯನ್ನು ನೋಡಿದ. ಅವಳು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಷೆಡ್ಡನ್ನೇ ನೋಡುತ್ತಿದ್ದಳು. ತಗಡಿನ ಸಂದಿಯಿಂದ ಸಂಜೆ ಬಿಸಿಲು ನೆಲಕ್ಕೆ ಬಿದ್ದಿತ್ತು, ಹತ್ತಿಯ ನವಿರು ಆ ಬಿಸಿಲಲ್ಲಿ ತೇಲುತ್ತಿತ್ತು. ಅವಳು ಒಲೆಗಳನ್ನು ಎಲ್ಲೆಲ್ಲಿ ಹಾಕಬೇಕೆಂದು ಮನಸ್ಸಿನಲ್ಲಿ ಗುರುತು ಮಾಡಿಟ್ಟದ್ದು ಅವನಿಗೆ ಗೊತ್ತಿತ್ತು. ಬೇರೆ ಹೆಂಗಸಾಗಿದ್ದರೆ ಇಷ್ಟೊತ್ತಿಗೆ ಬೈದಿರುತ್ತಿದ್ದಳು. ಶಂಕ್ರೆವ್ವ ಬಂದು ಮಲಂಗಸಾಬನ ಎದುರು ಕೂತಳು.

"ಅಣ್ಣಾರ, ಹತ್ತಿ ಹಿಂಜೂ ಯಂತ್ರ ಮೊಹಸಿನ ಒಯ್ಯಾಂವ. ನೀವೂ ಲಕ್ಷ್ಮೇಶ್ವರಕ್ಕ ಹೋಗಾವ್ರು. ಖಾಲಿ ಷೆಡ್ಡು ಇಟ್ಟುಕೊಂಡು ಏನ ಮಾಡ್ತೀರಿ?"

"ಕೇಳವ್ವ, ಕೇಳು," ಅಂದಳು ಹಾಜಿರಾಬಿ. "ನಾನೂ ಅದನ್ನ ಕೇಳೀನಿ. ಬಾಯಿ ಬಿಡವಲ್ಲರು."

ಮಲಂಗಸಾಬ ಗಡ್ಡ ಸವರಿಕೊಂಡ. ಆಮೇಲೆ ಬಂದ ಮಾತು ಅವನದಲ್ಲವೇನೋ ಎನ್ನುವಷ್ಟು ಸಣ್ಣಗಿತ್ತು.

"ಹುಟ್ಟಿದ ಊರು ತಂಗಿ. ಸಂತಿ ದಿನ ಬರೂದ ಬಿಡಾಕ ಆಗೂದಿಲ್ಲ. ಬಂದ್ರ ಎಲ್ಲೆ ಕುಂಡ್ರಲಿ? ಇಷ್ಟು ವರ್ಷ ಇದ್ದ ಊರಾಗ ಬಸ್‌ಸ್ಟ್ಯಾಂಡಿನ್ಯಾಗ ಕುಂತು ತಿರುಗಿ ಹೋಗಲೇನು?"

ಹನಮಪ್ಪನಿಗೆ ತನ್ನ ಸಿಟ್ಟು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಹಮ್ಮಿಗಿಗೆ ಹೋದಾಗ ಅಣ್ಣನ ಕಟ್ಟೆಯ ಮೇಲೆ ಕೂಡುವ ಮೊದಲು ತಾನೂ ಒಂದು ಗಳಿಗೆ ನಿಲ್ಲುವುದಿಲ್ಲವೇ?

"ಇದ ಪಡಸಾಲ್ಯಾಗ ಕುಂಡ್ರಿ," ಅಂದಳು ಶಂಕ್ರೆವ್ವ. "ಸಂತಿ ದಿನ ನಿಮ್ಮದೊಂದು ತಾಟು ಇದ್ದ ಇರತೈತಿ. ಬಿಸಿ ರೊಟ್ಟಿ, ಎಣ್ಣಿಗಾಯಿ. ಖಾಲಿ ಷೆಡ್ಡಿನ್ಯಾಗ ಒಬ್ಬರ ಕುಂತು ಏನ ತಿಂತೀರಿ, ಹತ್ತಿ?"

ಹಾಜಿರಾಬಿ ಮೊದಲು ನಕ್ಕಳು. ಮಲಂಗಸಾಬ ತಡೆದುಕೊಳ್ಳಲು ನೋಡಿ ಸೋತ.

"ಇದನ್ನೂ ಕಾಗದದಾಗ ಬರೀತೀಯೇನವ್ವ?" ಅಂದ ಅಸ್ಮಾಳಿಗೆ.

"ಇದನ್ನ ಬರಿಯಾಕ ಬರೂದಿಲ್ಲ ದಾದಾ. ಇದು ಬಾಯಿಮಾತಿಂದು. ಷೆಡ್ಡು ಬರೀತೀವಿ."

"ಷೆಡ್ಡಿಗೆ ಮ್ಯಾಲ ಸ್ವಲ್ಪ ಕೊಡಬೇಕಾಗತೈತಿ ಮತ್ತ."

ಹನಮಪ್ಪನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಅಲ್ಲಿ ವಲ್ಲಿ ಇರಲಿಲ್ಲ. ಶಂಕ್ರೆವ್ವ ಅದನ್ನು ಎಳೆದುಕೊಂಡು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಾಗಿತ್ತು.

"ಬಾಯಿಲೆ ಹೇಳ್ರಿ."

ಹನಮಪ್ಪ ಕೆಮ್ಮಿದ. ಇಷ್ಟು ವರ್ಷದಲ್ಲಿ ಒಂದು ದರವನ್ನು ಅವನು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದಾಗ ದನಿ ಅವನಿಗೇ ಗುರುತು ಸಿಗಲಿಲ್ಲ. ಮಲಂಗಸಾಬ ಅದಕ್ಕಿಂತ ಒಂದಿಷ್ಟು ಹೆಚ್ಚು ಹೇಳಿದ. ಹಾಜಿರಾಬಿ ಅದಕ್ಕಿಂತ ಕಡಿಮೆ ಹೇಳಿ ಗಂಡನಿಂದ ಬೈಸಿಕೊಂಡಳು. ಕೊನೆಗೆ ಆಕೆ ಹೇಳಿದ್ದೇ ಆಯಿತು.

ಅಲ್ಲಿಂದ ಮುಂದೆ ಎಲ್ಲ ಹಗಲಿನಲ್ಲಿ, ಎಲ್ಲರಿಗೂ ಕಾಣುವಂತೆ ನಡೆಯಿತು. ವಕೀಲರು ಕರಾರು ಬರೆದರು. ಷೆಡ್ಡು ಸೇರಿಸಿ ಚಕ್ಕುಬಂದಿ ಬರೆದರು. ಉತಾರ ಬಂತು, ಋಣಭಾರ ಪತ್ರ ಬಂತು. ಬ್ಯಾಂಕಿನಿಂದ ಇಂಜಿನಿಯರರು ಬಂದು ಮನೆ ಅಳೆದರು. ಹನಮಪ್ಪ ಅವರ ಹಿಂದೆಯೇ ತಿರುಗಿದ. ಎತ್ತಿನ ಹಲ್ಲು ನೋಡಿದ ಹಾಗೆ ಮೂಲೆ ಮೂಲೆಯ ಕಲ್ಲು ಮುಟ್ಟಿ ನೋಡಿದ. ನಡುವೆ ಸಂತೆಯಲ್ಲಿ ಮಾಂತೇಶ ಎನ್ನುವವನೊಬ್ಬ ಅವನನ್ನು ಬದಿಗೆ ಕರೆದು, "ಸಹಾಯ ಜಲ್ದಿ ಮಂಜೂರಾಗಬೇಕಂದ್ರ ನನಗಿಷ್ಟು ಕೊಡು" ಎಂದು ವಲ್ಲಿ ಚಾಚಿದ. ಹನಮಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡ.

"ಆ ಸಂತ್ಯಾಗ ದಲಾಲಿ ಇಲ್ಲೋ ಮಾರಾಯಾ. ನಾನ ಹುಡುಕಿ ಬಂದೀನಿ."

ಸಾಲ ಮಂಜೂರಾಯಿತು. ಖರೀದಿಯ ದಿನ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಕೊಂಡವರ ಕಡೆಯಿಂದ ಮೊದಲ ಸಹಿ ಶಂಕ್ರೆವ್ವನದು. ಸಂಘದಲ್ಲಿ ಕಲಿತ ಸಹಿ. ಒಂದೊಂದು ಅಕ್ಷರವನ್ನೂ ರೊಟ್ಟಿ ತಟ್ಟಿದ ಹಾಗೆ ದುಂಡಗೆ ಬರೆದಳು. ಜೋಡಿ ಹೆಸರಿನಲ್ಲಿ ಎರಡನೆಯ ಸಹಿ ಹನಮಪ್ಪನದು. ಹೊರಗೆ ಪರಿಚಯದವರು ಕೇಳಿದರೆ, "ಯವಾರ ಆಕಿದು. ನಾ ಈ ಸಲ ದಲಾಲಿ ತಗೊಳ್ಳದ ದಲಾಲಿ" ಎಂದು ಹೇಳಿ ತಾನೇ ನಕ್ಕ.

ಮನೆ ಹೊಕ್ಕ ದಿನ ಷೆಡ್ಡಿನಲ್ಲಿ ಒಲೆಗಳು ಸಾಲಾಗಿ ಹೊತ್ತಿಕೊಂಡವು. ಓಣಿಯ ಹೆಂಗಸರು ಕೂತು ಬಡಿಯತೊಡಗಿದರೆ ತಗಡಿನ ಮಾಡು ಡೋಲಿನ ಹಾಗೆ ಮೊಳಗಿತು. ಹಳೆಯ ಮಾಲೀಕರ ಹೆಂಡತಿಯೂ ರೊಟ್ಟಿ ಒಯ್ಯಲು ಬಂದಿದ್ದರು. "ನೀ ಅಲ್ಲೆ ಒಲಿ ಆರಿಸಿದಮ್ಯಾಲ ನಮಗ ಎಚ್ಚರ ಆಗವಲ್ದು ಶಂಕ್ರೆವ್ವ. ನಿನ್ನೆ ಹಾಲಿನವ ಬಂದು ತಿರುಗಿ ಹೋದ" ಅಂದರು. ಶಂಕ್ರೆವ್ವ ನಕ್ಕು ಅವರ ಬುಟ್ಟಿಗೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿದಳು.

ಮಲಂಗಸಾಬ, ಹಾಜಿರಾಬಿ ಕೊನೆಯ ಗಂಟು ಒಯ್ಯಲು ಬಂದಿದ್ದರು. ಬೀಗದ ಕೈ ಕೊಟ್ಟಾಯಿತು, ಊಟವೂ ಆಯಿತು. ಹೊರಡುವಾಗ ಮಲಂಗಸಾಬ ಪಡಸಾಲೆಯ ನಡುವೆ ನಿಂತು ಒಮ್ಮೆ ಮೇಲೆ ನೋಡಿದ, ಮತ್ತೆ ತಲೆ ಕೆಳಗೆ ಹಾಕಿ ಚಪ್ಪಲಿ ಮೆಟ್ಟಿಕೊಂಡ.

ಹನಮಪ್ಪ ಅದನ್ನು ಕಂಡ. ಮಾಡಿನ ತೊಲೆಗೆ ಕಟ್ಟಿದ ಹಳೆಯ ಹಗ್ಗವೊಂದಿತ್ತು.

"ಸಾಬಾ, ಅದೇನದು?"

"ಏನಿಲ್ಲ ಬಿಡು. ತೊಟ್ಟಿಲದ್ದು. ಮೊಹಸಿನಂದು. ಅದಕ್ಕೂ ಮೊದಲ ನಂದು, ನಮ್ಮವ್ವ ಕಟ್ಟಿದ್ದು."

ಹನಮಪ್ಪ ಹಿಟ್ಟಿನ ಡಬ್ಬಿ ಎಳೆದು ಅದರ ಮೇಲೆ ಹತ್ತಿ ನಿಂತ. ಎಷ್ಟೋ ದನಗಳ ಕೊರಳಿನ ಗಂಟು ಬಿಚ್ಚಿದ ಬೆರಳುಗಳಿಗೂ ಆ ಗಂಟು ಸುಲಭಕ್ಕೆ ಬರಲಿಲ್ಲ. ಬಿಚ್ಚಿದ, ಹಗ್ಗವನ್ನು ಸುತ್ತಿದ. ಹೆಗಲ ಮೇಲಿನ ವಲ್ಲಿ ತೆಗೆದು ಅದರಲ್ಲಿ ಹಗ್ಗವಿಟ್ಟು ಮಲಂಗಸಾಬನ ಕೈಗೆ ಕೊಟ್ಟ.

"ಕೊಟ್ಟವರು ಹಗ್ಗ ಒಯ್ಯಬೇಕು. ಇದು ನಿಂದು."

ಮಲಂಗಸಾಬ ಅದನ್ನು ಎದೆಗೆ ಒತ್ತಿಕೊಂಡ. "ವಲ್ಲಿ?" ಅಂದ.

"ಅದನ್ನೂ ಒಯ್ಯಿ. ಸಂತಿ ದಿನ ಬರ್ತೀಯಲ್ಲ, ಆವಾಗ ತಂದು ಕೊಡು."

ಸಂತೆಯ ದಿನ ಮಲಂಗಸಾಬ ಬಂದ. ವಲ್ಲಿ ತಂದ. ತಾಟು ಕಾಯುತ್ತಿತ್ತು.

ಓದುವ, ಕೇಳುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದು ಹನಮಪ್ಪ ಶಂಕ್ರೆವ್ವರ ಕಥೆ. ಆದರೆ ಹಂಚು ಹೊತ್ತುಕೊಂಡು ಬಾಡಿಗೆ ಮನೆಗಳನ್ನು ತಿರುಗುವವರು ನಿಮ್ಮ ಓಣಿಯಲ್ಲೂ ಇದ್ದಾರೆ. ನೀವೇ ಇರಬಹುದು. ಮೊದಲ ಮನೆ ಕೊಳ್ಳುವ ಮನಸ್ಸಿದ್ದರೆ ದುಬಾರಿ ಬಡ್ಡಿಯ ಕೈಸಾಲಕ್ಕೆ ಹೋಗುವ ಮುಂಚೆ ಹತ್ತಿರದ ಬ್ಯಾಂಕಿಗೆ ಹೋಗಿ, ಗಂಡ ಹೆಂಡತಿ ಕೂಡಿಯೇ ಹೋಗಿ. ಸರಕಾರದ ಸಹಾಯ ಈಗ ಏನಿದೆ, ನಿಮಗೆ ಸಿಗುತ್ತದೆಯೇ ಎಂದು ಕೇಳಿ; ನಿಯಮಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ, ಹಾಗಾಗಿ ಅವರಿವರ ಬಾಯಿಂದ ಬೇಡ, ಅಲ್ಲಿಯೇ ಕೇಳಿ. ಪಟ್ಟಣದವರು ಪುರಸಭೆಯಲ್ಲಿ, ಹಳ್ಳಿಯವರು ಗ್ರಾಮ ಪಂಚಾಯಿತಿಯಲ್ಲಿ ವಸತಿ ಯೋಜನೆಗಳನ್ನು ವಿಚಾರಿಸಿ. ಮಂಜೂರು ಮಾಡಿಸಿಕೊಡುತ್ತೇನೆ ಎಂದು ರೊಕ್ಕ ಕೇಳುವವರಿಗೆ ಬಾಗಿಲು ತೋರಿಸಿ. ದುಡಿದದ್ದರಲ್ಲಿ ಒಂದು ಪಾಲು ಇಂದಿನಿಂದಲೇ ಖಾತೆಗೆ ಹಾಕಿ; ನಾಳೆ ಅದೇ ನಿಮ್ಮ ಪರವಾಗಿ ಮಾತಾಡುತ್ತದೆ. ಕಟ್ಟಲು ಆಗುವಷ್ಟೇ ಸಾಲ ಮಾಡಿ. ಮನೆಯ ಹೆಣ್ಣುಮಗಳ ಹೆಸರು ಮನೆಯ ಕಾಗದದ ಮೇಲೂ ಇರಲಿ. ಕರಾರು ಬರೆಯುವಾಗ ಎಲ್ಲಿಂದ ಎಲ್ಲಿಯ ತನಕ ಎಂದು ಬಾಯಿಬಿಟ್ಟು ಕೇಳಿ, ಬರೆಸಿ.

ವಲ್ಲಿ ಹೆಗಲ ಮೇಲಿರಲಿ, ಮನೆಯ ಮಾತು ಬೆಳಕಿನಲ್ಲಿರಲಿ.